ಹಂಚಿದ ಬ್ಲಾಗ್ ಲಿಂಕ್ ಸರಿಯಾಗಿ ಕಾಣುತ್ತಿಲ್ಲವೇ? ದೋಷ ಎಲ್ಲಿದೆ ಅಂತ ಹೀಗೆ ಹುಡುಕಿ

ಬರಹ ಬ್ಲಾಗಿನಲ್ಲಿ ಚೆನ್ನಾಗಿಯೇ ಕಾಣುತ್ತಿರುತ್ತದೆ. ಅದರ ಲಿಂಕನ್ನು ವಾಟ್ಸಾಪ್ ಗುಂಪಿಗೆ ಹಾಕಿದರೆ ಚಿತ್ರ ಇಲ್ಲ. ಫೇಸ್‌ಬುಕ್‌ಗೆ ಹಾಕಿದರೆ ಹೊಸ ತಲೆಬರಹದ ಜಾಗದಲ್ಲಿ ಹಳೆಯದೇ ಕೂತಿದೆ. ಲಿಂಕ್ಡ್‌ಇನ್‌ನಲ್ಲಿ ಬರೀ ಬ್ಲಾಗಿನ ಹೆಸರು. ಆಗ ಸಾಮಾನ್ಯವಾಗಿ ಏನು ಮಾಡುತ್ತೇವೆ? ಅಳಿಸಿ ಮತ್ತೆ ಹಾಕುತ್ತೇವೆ, ಅದಕ್ಕೂ ಬಗ್ಗದಿದ್ದರೆ ಥೀಮ್ ಬದಲಾಯಿಸುತ್ತೇವೆ, ಪ್ಲಗಿನ್ ಮೇಲೆ ಪ್ಲಗಿನ್ ಹೇರುತ್ತೇವೆ. ಸುಮ್ನೆ ಹೊತ್ತು ಹಾಳು. ದೋಷ ಎಲ್ಲಿದೆ ಅಂತ ಗೊತ್ತಾಗುವವರೆಗೆ ಏನನ್ನೂ ಮುಟ್ಟಬೇಡಿ.

ಲಿಂಕ್ ಕೆಡುವ ಜಾಗ ಇರುವುದು ನಾಲ್ಕೇ. ಒಂದು, ನಿಮ್ಮ ಪುಟವೇ ಸರಿ ಇಲ್ಲ. ಎರಡು, ಪುಟ ಸರಿ ಇದೆ, ಆದರೆ ಅದನ್ನು ಓದಲು ಫೇಸ್‌ಬುಕ್‌ನಂಥ ತಾಣ ಕಳಿಸಿದ ಬಾಟ್‌ಗೆ, ಅಂದರೆ ಪುಟ ಓದುವ ತಂತ್ರಾಂಶಕ್ಕೆ, ನಿಮ್ಮ ಸರ್ವರ್ ಬಾಗಿಲು ತೆಗೆದಿಲ್ಲ. ಮೂರು, ಬಾಟ್ ಹಿಂದೊಮ್ಮೆ ಬಂದು ನೋಡಿದ್ದನ್ನೇ ಆ ತಾಣ ಎತ್ತಿಟ್ಟುಕೊಂಡು ಇವತ್ತಿಗೂ ತೋರಿಸುತ್ತಿದೆ. ನಾಲ್ಕು, ಅದು ದೋಷವೇ ಅಲ್ಲ, ಆ ತಾಣದ ನಿಯಮವೇ ಹಾಗೆ. ಈ ನಾಲ್ಕರಲ್ಲಿ ನಿಮ್ಮದು ಯಾವುದು ಅಂತ ಹತ್ತು ನಿಮಿಷದಲ್ಲಿ ತಿಳಿಯಬಹುದು.

ಮೊದಲು ಒಂದು ಪರೀಕ್ಷೆ

ಒಂದೇ ಲಿಂಕನ್ನು ಮೂರು ಕಡೆ ಹಾಕಿ. ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ, ಟೆಲಿಗ್ರಾಂನಲ್ಲಿ ಸೇವ್ಡ್ ಮೆಸೇಜಸ್‌ಗೆ ಹಾಕಿ, ಫೇಸ್‌ಬುಕ್‌ನಲ್ಲಿ 'ಓನ್ಲಿ ಮಿ' ಅಂತ ಇಟ್ಟು ಪೋಸ್ಟ್ ಮಾಡಿ. ಯಾರಿಗೂ ಕಿರಿಕಿರಿ ಆಗುವುದಿಲ್ಲ. ಮೂರೂ ಕಡೆ ಕೆಟ್ಟಿದ್ದರೆ ದೋಷ ನಿಮ್ಮ ಮನೆಯಲ್ಲೇ ಇದೆ: ಪುಟ ಅಥವಾ ಸರ್ವರ್. ಎರಡು ಕಡೆ ಸರಿ ಇದ್ದು ಒಂದು ಕಡೆ ಮಾತ್ರ ಕೆಟ್ಟಿದ್ದರೆ ಬ್ಲಾಗನ್ನು ಮುಟ್ಟಲೇಬೇಡಿ, ಆ ಒಂದು ತಾಣವನ್ನಷ್ಟೇ ನೋಡಿ.

ಹೀಗೆ ಒಂದೇ ಕಡೆ ಕೆಟ್ಟಿದ್ದರೆ ಇನ್ನೊಂದು ಸಣ್ಣ ಉಪಾಯ ಇದೆ. ಲಿಂಕಿನ ಕೊನೆಗೆ ?1 ಅಂತ ಸೇರಿಸಿ ಮತ್ತೆ ಹಾಕಿ. ಪುಟ ಅದೇ ತೆರೆಯುತ್ತದೆ, ಆದರೆ ಆ ತಾಣದ ಲೆಕ್ಕದಲ್ಲಿ ಅದು ಹೊಸ ವಿಳಾಸ, ಹಾಗಾಗಿ ಬಾಟ್ ಹೊಸದಾಗಿ ಬಂದು ನೋಡಲೇಬೇಕು. ಈಗ ಸರಿಯಾಗಿ ಬಂತಾ? ಹಾಗಾದರೆ ಅದು ಹಳೆಯ ನೆನಪಿನ, ಅಂದರೆ ಕ್ಯಾಶೆಯ ತೊಂದರೆ. ಟೆಲಿಗ್ರಾಂ, ಎಕ್ಸ್ (ಹಿಂದಿನ ಟ್ವಿಟರ್), ಲಿಂಕ್ಡ್‌ಇನ್‌ಗಳಿಗೆ ಈ ಪರೀಕ್ಷೆ ಸಾಕು. ಫೇಸ್‌ಬುಕ್ ಮಾತ್ರ ಇದಕ್ಕೆ ಜಗ್ಗದೇ ಇರಬಹುದು, ಯಾಕೆಂದರೆ ಪುಟದ ಒಳಗೆ 'ನನ್ನ ನಿಜವಾದ ವಿಳಾಸ ಇದು' ಅಂತ ಬರೆದಿರುವ ಸಾಲನ್ನು ಅದು ಓದಿಕೊಂಡು ಮತ್ತೆ ಹಳೆಯ ದಾಖಲೆಗೇ ಹೋಗುತ್ತದೆ.

ಚಿತ್ರ ಇಲ್ಲ, ಅಥವಾ ಬೇರೆ ಚಿತ್ರ

2010ರಲ್ಲಿ ಫೇಸ್‌ಬುಕ್ ಓಪನ್ ಗ್ರಾಫ್ ಅಂತ ಒಂದು ಪದ್ಧತಿ ತಂದಿತು. ಪುಟದ ತಲೆಭಾಗದಲ್ಲಿ, ಓದುಗರ ಕಣ್ಣಿಗೆ ಬೀಳದ ಕಡೆ, ಈ ಪುಟದ ಶೀರ್ಷಿಕೆ ಇದು, ವಿವರಣೆ ಇದು, ಚಿತ್ರ ಇದು ಅಂತ ಬರೆದಿಡುವ ಕ್ರಮ ಅದು. ಈಗ ವಾಟ್ಸಾಪ್, ಟೆಲಿಗ್ರಾಂ, ಲಿಂಕ್ಡ್‌ಇನ್ ಎಲ್ಲವೂ ಅದನ್ನೇ ಓದುತ್ತವೆ. ಕಂಪ್ಯೂಟರ್‌ನಲ್ಲಿ ನಿಮ್ಮ ಬರಹ ತೆರೆದು ಕಂಟ್ರೋಲ್ ಯು ಒತ್ತಿ, ಪುಟದ ಮೂಲ ಕೋಡ್ ಬರುತ್ತದೆ, ಅದರಲ್ಲಿ 'ಓಜಿ', ಪಕ್ಕದಲ್ಲಿ ಎರಡು ಚುಕ್ಕೆ, ಆಮೇಲೆ 'ಇಮೇಜ್' ಅಂತ ಇಂಗ್ಲಿಷಿನಲ್ಲಿ ಹುಡುಕಿ.

ಸಾಲು ಇಲ್ಲವೇ ಇಲ್ಲ ಅಂದರೆ ಥೀಮ್ ಅದನ್ನು ಹಾಕುತ್ತಿಲ್ಲ. ಗೂಗಲ್‌ನ ಬ್ಲಾಗರ್ ಸೇವೆಯ ಸ್ವಂತ ಥೀಮ್‌ಗಳಲ್ಲಿ ಇದು ತಾನಾಗೇ ಇರುತ್ತದೆ, ಹೊರಗಿನಿಂದ ಇಳಿಸಿಕೊಂಡ ಬಿಟ್ಟಿ ಟೆಂಪ್ಲೇಟ್‌ಗಳಲ್ಲಿ ಎಷ್ಟೋ ಸಲ ಕಿತ್ತು ಹಾಕಿರುತ್ತಾರೆ. ಸಾಲು ಎರಡು ಸಲ ಇದೆ ಅಂದರೆ ಎಸ್‌ಇಒ ಪ್ಲಗಿನ್ (ಗೂಗಲ್ ಹುಡುಕಾಟದಲ್ಲಿ ಬರಹ ಮೇಲೆ ಬರಲಿ ಅಂತ ಹಾಕುವಂಥದ್ದು) ಎರಡು ಹಾಕಿಕೊಂಡಿದ್ದೀರಿ ಅಂತ ಅರ್ಥ. ಒಂದನ್ನು ತೆಗೆಯಿರಿ. ಒಂದೇ ಇದೆ ಅಂದರೆ ಅದರಲ್ಲಿರುವ ಚಿತ್ರದ ವಿಳಾಸವನ್ನು ಕಾಪಿ ಮಾಡಿ ಇನ್‌ಕಾಗ್ನಿಟೊ ವಿಂಡೋದಲ್ಲಿ ತೆರೆಯಿರಿ. ಅಲ್ಲಿ ತೆರೆಯದ ಚಿತ್ರ ಬಾಟ್‌ಗೂ ತೆರೆಯುವುದಿಲ್ಲ. ವಿಳಾಸ ಎಚ್‌ಟಿಟಿಪಿಎಸ್‌ನಿಂದ ಶುರುವಾಗಿ ಪೂರ್ತಿ ಇರಬೇಕು, ಬರೀ ಫೈಲಿನ ಹೆಸರಿದ್ದರೆ ಆಗದು. ಎಸ್‌ವಿಜಿ ಚಿತ್ರ ಹಾಕಿದ್ದರೆ ಅದೂ ನಡೆಯುವುದಿಲ್ಲ.

ಅಳತೆ 1200×630 ಇದ್ದರೆ ಒಳ್ಳೆಯದು. ಫೇಸ್‌ಬುಕ್ 200×200ಕ್ಕಿಂತ ಚಿಕ್ಕದನ್ನು ತೆಗೆದುಕೊಳ್ಳುವುದಿಲ್ಲ, 600×315ಕ್ಕಿಂತ ಚಿಕ್ಕದಿದ್ದರೆ ಮೂಲೆಯಲ್ಲಿ ಪುಟ್ಟದಾಗಿ ತೋರಿಸುತ್ತದೆ. ವಾಟ್ಸಾಪ್‌ಗೆ ತೂಕದ್ದೇ ಚಿಂತೆ. ಕ್ಯಾಮೆರಾದಿಂದ ನೇರ ತಂದು ಹಾಕಿದ 5 ಎಂಬಿ ಫೋಟೋ ಫೇಸ್‌ಬುಕ್‌ನಲ್ಲಿ ಚೆನ್ನಾಗಿ ಬಂದು ವಾಟ್ಸಾಪ್‌ನಲ್ಲಿ ಮಾತ್ರ ಕಾಣೆಯಾದರೆ ಕಾರಣ ಅದೇ. 300 ಕೆಬಿ ಒಳಗೆ ಇಳಿಸಿ ನೋಡಿ.

ಚಿತ್ರದ ಮೇಲೆ ಕನ್ನಡದಲ್ಲಿ ತಲೆಬರಹ ಬರೆಯುವವರಿಗೆ ಒಂದು ಮಾತು. ಕೆಲವು ಕಡೆ ಚಿತ್ರವನ್ನು ಚೌಕಾಕಾರಕ್ಕೆ ಕತ್ತರಿಸುತ್ತಾರೆ, ಎಡಬಲದ ಅಕ್ಷರ ಹೋಗುತ್ತದೆ. ಅಂಚಿಗೆ ಅಂಟಿಸಿ ಬರೆದರೆ ಕೆಳಗಿನ ಒತ್ತಕ್ಷರವೂ ಹೋಗುತ್ತದೆ. ಅಕ್ಷರವನ್ನೆಲ್ಲ ನಡುವಿಗೆ ತನ್ನಿ.

ವಾಟ್ಸಾಪ್ ದಾರಿಯೇ ಬೇರೆ

ಬೇರೆ ಕಡೆ ತಾಣದ ಸರ್ವರ್ ಬಂದು ನಿಮ್ಮ ಪುಟ ಓದುತ್ತದೆ. ವಾಟ್ಸಾಪ್‌ನಲ್ಲಿ ಹಾಗಲ್ಲ, ಕಳಿಸುವವರ ಫೋನೇ ಪುಟ ತೆರೆದು ಮುನ್ನೋಟ ತಯಾರಿಸಿ ಸಂದೇಶದ ಜೊತೆ ಕಳಿಸುತ್ತದೆ. ಇದು ಗೊತ್ತಿದ್ದರೆ ಅರ್ಧ ತೊಂದರೆಗಳ ಗುಟ್ಟು ಬಿಡುತ್ತದೆ. ಲಿಂಕ್ ಅಂಟಿಸಿದ ತಕ್ಷಣ ಕಳಿಸಿಬಿಟ್ಟರೆ, ನೆಟ್‌ವರ್ಕ್ ನಿಧಾನ ಇದ್ದರೆ, ಮುನ್ನೋಟ ಹುಟ್ಟುವ ಮೊದಲೇ ಸಂದೇಶ ಹೋಗಿರುತ್ತದೆ. ಆಮೇಲೆ ಓದುವವರ ಫೋನ್ ಎಷ್ಟು ಚೆನ್ನಾಗಿದ್ದರೂ ಅಲ್ಲಿ ಚಿತ್ರ ಬರುವುದಿಲ್ಲ. ಬರೆಯುವ ಜಾಗದ ಮೇಲೆ ಚಿತ್ರ ಮೂಡುವವರೆಗೆ ಒಂದೆರಡು ಸೆಕೆಂಡ್ ಕಾಯಿರಿ. ಯಾವ ಲಿಂಕಿಗೂ ಬರುತ್ತಿಲ್ಲ ಅಂದರೆ ಸೆಟ್ಟಿಂಗ್ಸ್‌ಗೆ ಹೋಗಿ ಪ್ರೈವಸಿ, ಅದರೊಳಗೆ ಅಡ್ವಾನ್ಸ್ಡ್, ಅಲ್ಲಿ ಲಿಂಕ್ ಪ್ರಿವ್ಯೂ ನಿಲ್ಲಿಸುವ ಗುಂಡಿ ಆನ್ ಆಗಿದೆಯಾ ನೋಡಿ.

ಒಂದೇ ಸಂದೇಶದಲ್ಲಿ ಎರಡು ಲಿಂಕ್ ಇದ್ದರೆ ಮೊದಲನೆಯದರ ಮುನ್ನೋಟ ಮಾತ್ರ ಬರುತ್ತದೆ. ಬರಹವನ್ನೆಲ್ಲ ಅಂಟಿಸಿ ಕೊನೆಗೆ ಲಿಂಕ್ ಹಾಕುವ ಅಭ್ಯಾಸ ಇದ್ದರೆ ಅದು 'ಇನ್ನಷ್ಟು ಓದಿ' ಅನ್ನುವುದರ ಕೆಳಗೆ ಹೂತು ಹೋಗುತ್ತದೆ. ಅಷ್ಟೇ ಅಲ್ಲ, ಪೂರ್ತಿ ಬರಹ ಅಂಟಿಸಿದ ಮೇಲೆ ಅದು ಮೂರನೇ ಗುಂಪಿಗೆ ಹೋಗುವಷ್ಟರಲ್ಲಿ ಲಿಂಕೂ ಇಲ್ಲ, ನಿಮ್ಮ ಹೆಸರೂ ಇಲ್ಲ, ಕೆಳಗೆ 'ಕೃಪೆ: ವಾಟ್ಸಾಪ್' ಅಂತ ಇರುತ್ತದೆ. ಇದಕ್ಕೆ ತಾಂತ್ರಿಕ ಪರಿಹಾರ ಇಲ್ಲ. ಮೊದಲ ಎರಡು ಪ್ಯಾರಾ ಹಾಕಿ, ಲಿಂಕನ್ನು ಮೇಲೆ ಇಡಿ, ಹೆಸರನ್ನು ಬರಹದ ಒಳಗೇ ಎಲ್ಲಾದರೂ ಬರುವ ಹಾಗೆ ಮಾಡಿ.

'ಬ್ರಾಡ್‌ಕಾಸ್ಟ್ ಹಾಕಿದೆ, ಅರ್ಧ ಜನಕ್ಕೆ ತಲುಪಲೇ ಇಲ್ಲ' ಅನ್ನುವುದು ಇನ್ನೊಂದು ದೂರು. ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ನಿಯಮವೇ ಹಾಗೆ.

ತಿದ್ದಿದ ಮೇಲೂ ಹಳೆಯದೇ ಬರುತ್ತಿದೆ

ತಲೆಬರಹದಲ್ಲಿ ತಪ್ಪಾಗಿತ್ತು, ಹಂಚಿದ ಮೇಲೆ ಕಣ್ಣಿಗೆ ಬಿತ್ತು, ಬ್ಲಾಗಿನಲ್ಲಿ ತಿದ್ದಿದಿರಿ. ಆದರೂ ತಪ್ಪು ಅಲ್ಲೇ ಇದೆ. ಇದು ಮೂರನೇ ಜಾಗದ ದೋಷ. ಫೇಸ್‌ಬುಕ್‌ಗೆ ಶೇರಿಂಗ್ ಡೀಬಗರ್ ಅಂತ ಅವರದೇ ಪುಟ ಇದೆ. ಲಾಗಿನ್ ಆಗಿ, ಲಿಂಕ್ ಹಾಕಿ, 'ಸ್ಕ್ರೇಪ್ ಅಗೇನ್' ಒತ್ತಿ. ಬಾಟ್‌ಗೆ ನಿಮ್ಮ ಸರ್ವರ್ ಯಾವ ಉತ್ತರ ಕೊಟ್ಟಿತು ಅಂತಲೂ ಅಲ್ಲೇ ಕಾಣುತ್ತದೆ, 200 ಇದ್ದರೆ ಸರಿ. 403 ಅಂತ ಬಂದರೆ ಬಾಗಿಲು ಹಾಕಿದೆ ಅಂತ ಅರ್ಥ: ಹೋಸ್ಟಿಂಗ್ ಕಡೆಯ ಫೈರ್‌ವಾಲ್, ಸೆಕ್ಯುರಿಟಿ ಪ್ಲಗಿನ್, ಬಾಟ್ ತಡೆಯುವ ಸೇವೆ, ಇವುಗಳಲ್ಲಿ ಯಾವುದೋ ಒಂದು ಫೇಸ್‌ಬುಕ್ ಬಾಟನ್ನು ಕಳ್ಳ ಅಂದುಕೊಂಡಿದೆ. ಅದಕ್ಕೆ ವಿನಾಯಿತಿ ಕೊಡಬೇಕು. ಯಾವ ಬಾಟ್ ಒಳಗೆ ಬರಬಹುದು ಅಂತ ಹೇಳುವ ರೋಬಾಟ್ಸ್ ಫೈಲಿನಲ್ಲಿ ಎಲ್ಲರಿಗೂ ಬೇಡ ಅಂತ ಬರೆದಿದೆಯಾ, ಅದನ್ನೂ ನೋಡಿ.

ಲಿಂಕ್ಡ್‌ಇನ್‌ಗೆ ಪೋಸ್ಟ್ ಇನ್‌ಸ್ಪೆಕ್ಟರ್ ಇದೆ, ಸುಮ್ಮನೆ ಬಿಟ್ಟರೆ ಸುಮಾರು ಏಳು ದಿನ ಹಳೆಯದನ್ನೇ ತೋರಿಸುತ್ತದೆ. ಟೆಲಿಗ್ರಾಂನಲ್ಲಿ ವೆಬ್‌ಪೇಜ್‌ಬಾಟ್ ಅನ್ನುವ ಅಧಿಕೃತ ಬಾಟ್‌ಗೆ ಲಿಂಕ್ ಕಳಿಸಿದರೆ ಅದು ನೆನಪನ್ನು ಹೊಸದು ಮಾಡುತ್ತದೆ. ಎಕ್ಸ್‌ನಲ್ಲಿ ಮೊದಲು ಕಾರ್ಡ್, ಅಂದರೆ ಲಿಂಕಿನ ಮುನ್ನೋಟ, ಹೇಗೆ ಕಾಣುತ್ತದೆ ಅಂತ ನೋಡುವ ಪುಟ ಇತ್ತು, 2022ರಲ್ಲಿ ಆ ಮುನ್ನೋಟ ತೆಗೆದರು, ಈಗ ?1 ಉಪಾಯವೇ ಗತಿ. ಬ್ಲೂಸ್ಕೈಯಲ್ಲಿ ಪೋಸ್ಟ್ ಮಾಡುವ ಕ್ಷಣದಲ್ಲೇ ಕಾರ್ಡ್ ಗಟ್ಟಿಯಾಗಿಬಿಡುತ್ತದೆ, ಅಳಿಸಿ ಹೊಸದಾಗಿ ಹಾಕಬೇಕು.

ಕನ್ನಡ ಕಸ ಆಗಿದೆ

ನಮ್ಮಂಥವರಿಗೆ ಜಾಸ್ತಿ ಕಾಟ ಕೊಡುವುದು ಇದು. ಕಸ ಯಾವ ರೂಪದಲ್ಲಿ ಬಂದಿದೆ ಅಂತ ಗಮನಿಸಿ, ಅದೇ ಕಾರಣವನ್ನು ಹೇಳಿಬಿಡುತ್ತದೆ.

ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ನಡುನಡುವೆ ಚಿಹ್ನೆಗಳು: 'ನುಡಿ' ಅಥವಾ 'ಬರಹ' ತಂತ್ರಾಂಶದಲ್ಲಿ, ಯೂನಿಕೋಡ್ ಅಲ್ಲದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ನೇರ ತಂದು ಅಂಟಿಸಿದ್ದೀರಿ. ಪತ್ರಿಕೆಗೆ ಕಳಿಸಿದ ಹಳೆಯ ಲೇಖನವನ್ನು ಬ್ಲಾಗಿಗೆ ಹಾಕುವಾಗ ಹೀಗಾಗುತ್ತದೆ. ಆ ಫಾಂಟ್ ಇರುವ ನಿಮ್ಮ ವರ್ಡ್ ಫೈಲಿನಲ್ಲಿ ಚೆನ್ನಾಗೇ ಕಾಣುತ್ತಿರುತ್ತದೆ, ಅದೇ ಮೋಸ. ನುಡಿ, ಬರಹ ಎರಡಕ್ಕೂ ಯೂನಿಕೋಡ್‌ಗೆ ಬದಲಾಯಿಸುವ ಸಾಧನ ಇದೆ. ಬದಲಾಯಿಸಿದ ಮೇಲೆ ಒಮ್ಮೆ ಕೂತು ಓದಿ. ಅರ್ಕಾವತ್ತು, ಅಂಕಿ, ಉದ್ಧರಣ ಚಿಹ್ನೆ ಇರುವ ಕಡೆ ಜಾಸ್ತಿ ಹುಷಾರಾಗಿರಿ.

ತಲೆಯ ಮೇಲೆ ಓರೆ ಗೆರೆ ಇರುವ ಇಂಗ್ಲಿಷ್ 'ಎ' ಅಕ್ಷರ ಮತ್ತೆ ಮತ್ತೆ ಬರುತ್ತಿದೆ: ಅದು ಸರಿಯಾದ ಯೂನಿಕೋಡ್, ಆದರೆ ಓದುವ ಕಡೆ ತಪ್ಪು ಎನ್‌ಕೋಡಿಂಗ್‌ನಲ್ಲಿ ಓದುತ್ತಿದ್ದಾರೆ. ಹತ್ತಾರು ಪೋಸ್ಟ್‌ಗಳನ್ನು ಎಕ್ಸೆಲ್ ಶೀಟಿನಲ್ಲಿ ತುಂಬಿಸಿ ಶೆಡ್ಯೂಲ್ ಮಾಡುವವರಿಗೆ ಇದು ಆಗುತ್ತದೆ. ಸಿಎಸ್‌ವಿ ಆಗಿ ಉಳಿಸುವಾಗ ಯುಟಿಎಫ್-8 ಅಂತ ಇರುವ ಆಯ್ಕೆಯನ್ನೇ ತಗೊಳ್ಳಿ. ಏನೂ ಕಳೆದುಹೋಗಿಲ್ಲ, ಹೆದರಬೇಡಿ.

ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು: ಈಗ ಹೆದರಬಹುದು. ಕನ್ನಡ ಇಟ್ಟುಕೊಳ್ಳಲು ಬಾರದ ಡೇಟಾಬೇಸಿಗೆ ಹೋಗಿ ಅಕ್ಷರಗಳು ನಿಜವಾಗಿಯೂ ಅಳಿಸಿಹೋಗಿವೆ. ಅಲ್ಲಿಂದ ವಾಪಸ್ ತರಲಾಗದು, ನಿಮ್ಮ ಮೂಲ ಪ್ರತಿಯಿಂದ ಮತ್ತೆ ಹಾಕಬೇಕು.

ಚೌಕ ಡಬ್ಬಿಗಳು: ನೋಡುವವರ ಸಾಧನದಲ್ಲಿ ಕನ್ನಡ ಫಾಂಟ್ ಇಲ್ಲ. ನಿಮ್ಮ ತಪ್ಪಲ್ಲ.

ವಿವರಣೆಯ ಕೊನೆಯಲ್ಲಿ ಮಾತ್ರ ಒಂದು ಕಪ್ಪು ವಜ್ರದೊಳಗೆ ಪ್ರಶ್ನೆ ಚಿಹ್ನೆ: ಇದು ಮಜವಾಗಿದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ, ಅಂದರೆ ವ್ಯಂಜನ, ಸ್ವರಚಿಹ್ನೆ, ಹಲಂತ ಇವುಗಳಲ್ಲಿ ಪ್ರತಿಯೊಂದಕ್ಕೂ, ಮೂರು ಬೈಟ್ ಬೇಕು. ವಿವರಣೆ 160 ಇರಲಿ ಅಂತ ಥೀಮ್ ಬರೆದವರು ಅದನ್ನು ಬೈಟ್‌ನಲ್ಲಿ ಎಣಿಸಿದ್ದರೆ ಇಂಗ್ಲಿಷಿಗೆ 160 ಅಕ್ಷರ ಸಿಗುತ್ತದೆ, ಕನ್ನಡಕ್ಕೆ 53 ಸಂಕೇತ, 54ನೆಯದರ ನಡುವೆ ಕತ್ತರಿ ಬೀಳುತ್ತದೆ. ವಿವರಣೆಯನ್ನು ನೀವೇ ಕೈಯಾರೆ ಚಿಕ್ಕದಾಗಿ ಬರೆದುಬಿಡಿ. ಬ್ಲಾಗರ್‌ನಲ್ಲಿ ಸೆಟ್ಟಿಂಗ್ಸ್‌ನ ಮೆಟಾ ಟ್ಯಾಗ್ಸ್ ಭಾಗದಲ್ಲಿ ಸರ್ಚ್ ಡಿಸ್ಕ್ರಿಪ್ಷನ್ ಆನ್ ಮಾಡಿದರೆ ಮಾತ್ರ ಬರಹದ ಪಕ್ಕದಲ್ಲಿ ಅದಕ್ಕೆ ಜಾಗ ಬರುತ್ತದೆ.

ಇನ್ನು ಕಸ ಅಲ್ಲದ ಕಸ. 'ಸಾಫ್ಟ್‌ವೇರ್' ಅಂತ ಬರೆದದ್ದು ಇನ್ನೊಂದು ಕಡೆ 'ಸಾಫ್ಟ್ವೇರ್' ಆಗಿದೆ, 'ರ‍್ಯಾಂಕ್' ಹೋಗಿ 'ರ್ಯಾಂಕ್' ಆಗಿದೆ. ಇವುಗಳ ನಡುವೆ ಕಣ್ಣಿಗೆ ಕಾಣದ ಒಂದೊಂದು ಸಂಕೇತ ಇರುತ್ತದೆ, ಒಂದು ಒತ್ತು ಕೂಡದಂತೆ ತಡೆಯುತ್ತದೆ, ಇನ್ನೊಂದು ರಕಾರವನ್ನು ಅರ್ಕಾವತ್ತು ಆಗಲು ಬಿಡುವುದಿಲ್ಲ. ಕೆಲವು ಪ್ರಕಟಣಾ ತಾಣಗಳು, ಕೆಲವು ನಕಲು ಸಾಧನಗಳು ಇದನ್ನು ಬೇಡದ ಕಸ ಅಂತ ತೆಗೆದುಬಿಡುತ್ತವೆ. ಪರೀಕ್ಷೆ ಸುಲಭ: ಈ ಎರಡು ಪದ ಇರುವ ಒಂದು ಸಾಲನ್ನು ಡ್ರಾಫ್ಟ್‌ನಲ್ಲಿ ಅಂಟಿಸಿ, ಉಳಿಸಿ, ಮತ್ತೆ ತೆರೆದು ನೋಡಿ. ತೆಗೆಯುವ ತಾಣವಾದರೆ ಅಲ್ಲಿ ತಲೆಬರಹದಲ್ಲಾದರೂ ಇಂಥ ಪದ ಬರದ ಹಾಗೆ ನೋಡಿಕೊಳ್ಳಿ, ಬೇರೆ ದಾರಿ ಇಲ್ಲ. ಹ್ಯಾಷ್‌ಟ್ಯಾಗ್‌ಗಳೂ ಕೆಲವೆಡೆ ಇದೇ ಜಾಗದಲ್ಲಿ ಮುರಿಯುತ್ತವೆ. ಹಾಕಿದ ಮೇಲೆ ಬಣ್ಣ ಪೂರ್ತಿ ಪದಕ್ಕೆ ಬಂದಿದೆಯಾ ಅಂತ ಒಮ್ಮೆ ಕಣ್ಣಾಡಿಸಿ.

ಲಿಂಕೇ ಸತ್ತಿದೆ, ಅಥವಾ ಮಾರುದ್ದ ಇದೆ

ಶೇಕಡಾ ಚಿಹ್ನೆ, ಇ, ಸೊನ್ನೆ, ಮತ್ತೆ ಶೇಕಡಾ ಚಿಹ್ನೆ ಅಂತ ಮುಗಿಯದ ಲಿಂಕ್ ನೋಡಿರುತ್ತೀರಿ. ವಿಳಾಸದಲ್ಲಿರುವ ಕನ್ನಡ ಅಕ್ಷರ ಹಾಗೆ ಹಿಗ್ಗುತ್ತದೆ, ಒಂದು ಸಂಕೇತಕ್ಕೆ 9 ಅಕ್ಷರ. 'ಮಳೆ' ಅನ್ನುವ ಪುಟ್ಟ ಪದ 27 ಅಕ್ಷರ ಆಗುತ್ತದೆ. ವರ್ಡ್‌ಪ್ರೆಸ್ ವಿಳಾಸದ ಈ ಭಾಗಕ್ಕೆ ಕೊಟ್ಟಿರುವ ಜಾಗ 200, ಅಂದರೆ ಕನ್ನಡದಲ್ಲಿ 22 ಸಂಕೇತಕ್ಕೆ ಕತ್ತರಿ. ಉದ್ದ ತಲೆಬರಹದ ಎರಡು ಕಂತುಗಳ ವಿಳಾಸ ಹೆಚ್ಚುಕಡಿಮೆ ಒಂದೇ ಥರ ಕಾಣುವುದು ಇದಕ್ಕೇ. ಪ್ರಕಟಿಸುವ ಮೊದಲೇ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಬರೆಯಿರಿ. ಕನ್ನಡಾಭಿಮಾನಕ್ಕೆ ಸ್ವಲ್ಪ ಕಸಿವಿಸಿ ಆಗುತ್ತದೆ ನಿಜ, ಆದರೆ ಎಸ್ಸೆಮ್ಮೆಸ್‌ನಲ್ಲಿ, ಇಮೇಲ್‌ನಲ್ಲಿ, ಹಳೆಯ ಆ್ಯಪ್‌ಗಳಲ್ಲಿ ಅರ್ಧಕ್ಕೆ ಮುರಿಯುವ ಲಿಂಕಿಗಿಂತ ಇದೇ ವಾಸಿ. ಬ್ಲಾಗರ್‌ನಲ್ಲಿ ಕನ್ನಡ ತಲೆಬರಹ ಕೊಟ್ಟರೆ ಅದು 'ಬ್ಲಾಗ್ ಪೋಸ್ಟ್' ಅಂತಲೂ ಮುಂದೊಂದು ಸಂಖ್ಯೆ ಅಂತಲೂ ಹೆಸರಿಟ್ಟು ಕೈ ತೊಳೆದುಕೊಳ್ಳುತ್ತದೆ. ಅಲ್ಲೂ ಕಸ್ಟಮ್ ಪರ್ಮಾಲಿಂಕ್ ಬರೆಯಿರಿ. ಈಗಾಗಲೇ ಹಂಚಿದ ಬರಹದ ವಿಳಾಸವನ್ನು ಮಾತ್ರ ಬದಲಾಯಿಸಬೇಡಿ.

ಲಿಂಕಿಗೆ ವಿಭಕ್ತಿ ಪ್ರತ್ಯಯ ಅಂಟಿಸುವುದು ಇನ್ನೊಂದು ಕನ್ನಡದ್ದೇ ತೊಂದರೆ. ವಿಳಾಸ ಬರೆದು, ಜಾಗ ಬಿಡದೆ 'ಗೆ ಹೋಗಿ' ಅಂತ ಸೇರಿಸಿದರೆ ಆ 'ಗೆ' ಕೂಡ ಲಿಂಕಿನೊಳಗೆ ಸೇರಿ 'ಪುಟ ಸಿಗಲಿಲ್ಲ' ಅನ್ನುವ 404 ಬರುತ್ತದೆ. ಲಿಂಕ್ ಯಾವತ್ತೂ ಅದರದೇ ಸಾಲಿನಲ್ಲಿ ಒಂಟಿಯಾಗಿರಲಿ.

ಹತ್ತು ವರ್ಷ ಹಿಂದೆ ಹಂಚಿದ ಲಿಂಕ್ ಬೇರೆ ಯಾವುದೋ ತಾಣಕ್ಕೆ ಹೋಗುತ್ತಿದ್ದರೆ ಅದರಲ್ಲಿ ಬ್ಲಾಗ್‌ಸ್ಪಾಟ್ ಡಾಟ್ ಇನ್ ಅಂತ ಇದೆಯಾ ನೋಡಿ. ಒಂದು ಕಾಲಕ್ಕೆ ಗೂಗಲ್ ಭಾರತದ ಓದುಗರನ್ನು ಆ ವಿಳಾಸಕ್ಕೆ ತಿರುಗಿಸುತ್ತಿತ್ತು, ಎಲ್ಲರೂ ಅದನ್ನೇ ಕಾಪಿ ಮಾಡಿ ಹಂಚಿದರು, 2020ರಲ್ಲಿ ಅದು ಗೂಗಲ್ ಕೈತಪ್ಪಿತು. 'ಇನ್' ಜಾಗದಲ್ಲಿ 'ಕಾಮ್' ಹಾಕಿದರೆ ಬರಹ ತೆರೆಯುತ್ತದೆ.

ಹೊಸ ಬರಹ ತಾನಾಗೇ ತಾಣಗಳಿಗೆ ಹೋಗುತ್ತಿತ್ತು, ಈಗ ನಿಂತಿದೆ

ಇಲ್ಲಿ ನಿಮ್ಮ ಬ್ಲಾಗನ್ನು ತಪಾಸಣೆ ಮಾಡುವ ಮೊದಲು ತಾರೀಕು ನೋಡಿ. 2018ರ ಆಗಸ್ಟ್‌ನಿಂದ ಹೊರಗಿನ ಸಾಧನಗಳು ಫೇಸ್‌ಬುಕ್‌ನ ಸ್ವಂತ ಪ್ರೊಫೈಲಿಗೆ ಪೋಸ್ಟ್ ಮಾಡುವಂತಿಲ್ಲ, ಪೇಜ್ ಬೇಕು. 2024ರಲ್ಲಿ ಗುಂಪುಗಳಿಗೆ ಹಾಕುವ ದಾರಿಯೂ ಮುಚ್ಚಿತು. 2023ರಲ್ಲಿ ಟ್ವಿಟರ್ ತನ್ನ ಎಪಿಐಗೆ (ಹೊರಗಿನ ಸಾಧನಗಳು ಒಳಬರುವ ದಾರಿಗೆ) ದುಡ್ಡು ಕೇಳತೊಡಗಿದ ಮೇಲೆ ವರ್ಡ್‌ಪ್ರೆಸ್‌ನ ಜೆಟ್‌ಪ್ಯಾಕ್ ಪ್ಲಗಿನ್ ಅಲ್ಲಿಗೆ ಕಳಿಸುವುದನ್ನು ಬಿಟ್ಟಿತು. ಬ್ಲಾಗರ್‌ನ 'ಇಮೇಲ್ ಮೂಲಕ ಹಿಂಬಾಲಿಸಿ' ಡಬ್ಬಿ ಗೂಗಲ್‌ನ ಫೀಡ್‌ಬರ್ನರ್ ಸೇವೆಯ ಮೇಲೆ ನಿಂತಿತ್ತು, 2021ರಲ್ಲಿ ಅದರ ಇಮೇಲ್ ಸೇವೆ ನಿಂತಿತು. ಎಷ್ಟೋ ಕನ್ನಡ ಬ್ಲಾಗ್‌ಗಳಲ್ಲಿ ಆ ಡಬ್ಬಿ ಇನ್ನೂ ಹಾಗೇ ಕೂತಿದೆ, ಅದರಲ್ಲಿ ಇಮೇಲ್ ಹಾಕಿದವರು ಕಾಯುತ್ತಲೇ ಇದ್ದಾರೆ. ತೆಗೆದುಬಿಡಿ.

ಈ ಪಟ್ಟಿಯಲ್ಲಿ ಇಲ್ಲದ್ದು ಇದ್ದಕ್ಕಿದ್ದಂತೆ ನಿಂತಿದ್ದರೆ, ಇತ್ತೀಚೆಗೆ ಪಾಸ್‌ವರ್ಡ್ ಬದಲಾಯಿಸಿದ್ದೀರಾ ಯೋಚಿಸಿ. ಅನುಮತಿ ಬಿದ್ದುಹೋಗಿರುತ್ತದೆ, ಸಂಪರ್ಕ ತೆಗೆದು ಮತ್ತೆ ಜೋಡಿಸಿದರೆ ಸರಿಯಾಗುತ್ತದೆ. ಲಿಂಕ್ಡ್‌ಇನ್‌ದು ಪಾಸ್‌ವರ್ಡ್ ಮುಟ್ಟದಿದ್ದರೂ 60 ದಿನಕ್ಕೆ ಮುಗಿಯುತ್ತದೆ.

ಗೂಗಲ್‌ನಲ್ಲಿ ನಿಮ್ಮ ಬ್ಲಾಗಿನ ಬದಲು ನಕಲು ಸಿಗುತ್ತಿದೆ

ಪೂರ್ತಿ ಬರಹವನ್ನು ಮೀಡಿಯಂನಲ್ಲೋ ಇನ್ನೊಂದು ವೆಬ್ ಪತ್ರಿಕೆಯಲ್ಲೋ ಹಾಕಿದಾಗ ದೊಡ್ಡ ತಾಣ ಗೆಲ್ಲುತ್ತದೆ. ಬರಹದ ನಡುವಿನ ಒಂದು ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಬ್ಲಾಗಿಗೆ ಗೂಗಲ್‌ನ ಸರ್ಚ್ ಕನ್ಸೋಲ್ ಸಾಧನ ಜೋಡಿಸಿದ್ದರೆ ಯುಆರ್‌ಎಲ್ ತಪಾಸಣೆಯಲ್ಲಿ ಗೂಗಲ್ ಯಾವುದನ್ನು ಮೂಲ ಅಂತ ಆರಿಸಿಕೊಂಡಿದೆ ಅಂತ ಕಾಣುತ್ತದೆ. ಮೀಡಿಯಂನಲ್ಲಿ ಕಾಪಿ ಮಾಡಿ ಅಂಟಿಸುವ ಬದಲು ಇಂಪೋರ್ಟ್ ಬಳಸಿ, ಮೂಲ ವಿಳಾಸವನ್ನು ಕ್ಯಾನೋನಿಕಲ್ ಅಂತ ಅದೇ ದಾಖಲಿಸುತ್ತದೆ. ಈಗಾಗಲೇ ಅಂಟಿಸಿದ್ದರೆ ಆ ಬರಹದ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಸೇರಿಸಬಹುದು. ಇದು ಗೂಗಲ್‌ಗೆ ಆಜ್ಞೆಯಲ್ಲ, ಸೂಚನೆ ಮಾತ್ರ, ಕೇಳದೆಯೂ ಇರಬಹುದು. ಈ ಸೌಲಭ್ಯ ಇಲ್ಲದ ತಾಣಕ್ಕೆ ಪೂರ್ತಿ ಬರಹ ಕೊಡಬೇಡಿ ಅನ್ನುವುದು ನನ್ನ ಅಭಿಪ್ರಾಯ. ಅಂದಹಾಗೆ, 'ಅಪ್ರಕಟಿತ ಬರಹ ಮಾತ್ರ' ಅನ್ನುವ ಸಂಪಾದಕರಿಗೆ ಬ್ಲಾಗೂ ಪ್ರಕಟಣೆಯೇ. ಮೊದಲೇ ಕೇಳಿಬಿಡಿ.

ದೋಷವಲ್ಲದ ದೋಷಗಳು

ಇನ್‌ಸ್ಟಾಗ್ರಾಂ ಪೋಸ್ಟಿನ ಕೆಳಗೆ ಬರೆದ ಲಿಂಕ್ ಒತ್ತಲು ಬರುವುದಿಲ್ಲ. ಬಯೋದಲ್ಲಿ ಹಾಕಿ, ಐದು ಲಿಂಕ್‌ವರೆಗೆ ಬಿಡುತ್ತಾರೆ, ಅಥವಾ ಸ್ಟೋರಿಯಲ್ಲಿ ಲಿಂಕ್ ಸ್ಟಿಕ್ಕರ್ ಹಾಕಿ. ಎಕ್ಸ್‌ನಲ್ಲಿ ಯಾವ ಉದ್ದದ ಲಿಂಕ್ ಹಾಕಿದರೂ 23 ಅಕ್ಷರದ ಲೆಕ್ಕ, ಆದರೆ 'ಸ್ತ್ರೀ' ಅನ್ನುವ ಒಂದೇ ಅಕ್ಷರಕ್ಕೆ 6. ಒಂದು ಪೋಸ್ಟಿಗೆ ಕೊಡುವ 280 ಬೇಗ ಮುಗಿಯುವುದಕ್ಕೆ ಕಾರಣ ಅದು. ಲಿಂಕ್ ಇರುವ ಪೋಸ್ಟ್ ಅಲ್ಲಿ ಜನಕ್ಕೆ ಕಾಣುತ್ತಿಲ್ಲ ಅನ್ನುವ ದೂರಿಗೆ 2024ರ ನವೆಂಬರ್‌ನಲ್ಲಿ ಅದರ ಒಡೆಯ ಎಲಾನ್ ಮಸ್ಕ್ ಅವರೇ, ವಿವರವನ್ನು ಪೋಸ್ಟ್‌ನಲ್ಲಿ ಬರೆದು ಲಿಂಕನ್ನು ರಿಪ್ಲೈನಲ್ಲಿ ಹಾಕಿ ಅಂದರು. ಇಷ್ಟವಿರಲಿ ಬಿಡಲಿ, ಹಾಗೇ ಮಾಡಿ ನೋಡಿ.

ಕೆನಡಾದಲ್ಲಿರುವ ನೆಂಟರು, ಗೆಳೆಯರು 'ನೀನು ಫೇಸ್‌ಬುಕ್‌ಗೆ ಹಾಕಿದ ಲೇಖನ ತೆರೆಯುತ್ತಿಲ್ಲ' ಅಂದರೆ ಅದು ಪತ್ರಿಕೆಯ ಜಾಲತಾಣದ ಲಿಂಕಾ ಅಂತ ಕೇಳಿ. 2023ರ ಆಗಸ್ಟ್‌ನಿಂದ ಮೆಟಾ ಅಲ್ಲಿನವರಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಸುದ್ದಿ ಸಂಸ್ಥೆಗಳ ಲಿಂಕ್ ತೋರಿಸುತ್ತಿಲ್ಲ, ಬೇರೆ ದೇಶದ ಪತ್ರಿಕೆಗಳೂ ಅದರಲ್ಲಿ ಸೇರಿವೆ. ಅಂಥವರಿಗೆ ಲಿಂಕನ್ನು ಇಮೇಲ್ ಮಾಡಿ, ಇಲ್ಲವೇ ವಾಟ್ಸಾಪ್‌ನಲ್ಲಿ ಕಳಿಸಿ.